ಹಿಮ್ಮಡಿಯ ಒಂದು ಹನಿ ರಕ್ತ

ಬಯೋಟಿನಿಡೇಸ್ ಕೊರತೆ ಅಂತೊಂದು ಕಾಯಿಲೆ ಇದೆ. ಬಯೋಟಿನ್ ಎಂಬ ವಿಟಮಿನ್ನನ್ನು ಮತ್ತೆ ಮತ್ತೆ ಬಳಸಿಕೊಳ್ಳಲು ಬೇಕಾದ ಕಿಣ್ವ ಈ ಮಕ್ಕಳಲ್ಲಿ ಹುಟ್ಟಿನಿಂದಲೇ ಸಾಲದು. ಚಿಕಿತ್ಸೆ ಸಿಗದಿದ್ದರೆ ಫಿಟ್ಸ್, ಮೈಮೇಲೆ ಗಂದೆ, ಕೂದಲು ಉದುರುವುದು, ಕೊನೆಗೆ ಕಿವುಡು. ಮದ್ದು? ದಿನಾ ಕೆಲವು ಮಿಲಿಗ್ರಾಂ ಬಯೋಟಿನ್, ಜೀವನಪೂರ್ತಿ. ಕೂದಲು ಬೆಳೆಯುತ್ತೆ ಅಂತ ಮೆಡಿಕಲ್ ಶಾಪಿನಲ್ಲಿ ಮಾರ್ತಾರಲ್ಲ, ಅದೇ ವಿಟಮಿನ್ನು! ಮೊದಲೇ ಕೊಟ್ಟರೆ ಮಗು ಎಲ್ಲರಂತೆ ಬೆಳೆಯುತ್ತೆ. ತಡವಾದರೆ ಫಿಟ್ಸ್ ನಿಲ್ಲಬಹುದು, ಕೂದಲೂ ಬರಬಹುದು; ಹೋದ ಕಿವಿ ಮಾತ್ರ ಸಾಮಾನ್ಯವಾಗಿ ವಾಪಸ್ ಬರಲ್ಲ.

ಮೊದಲೇ ತಿಳಿಯಲು ಹಸುಗೂಸಿನ ಹಿಮ್ಮಡಿ ಚುಚ್ಚಿ ತೆಗೆದ ಹನಿ ರಕ್ತ ಸಾಕು. ಅಮೆರಿಕದ ವರ್ಜೀನಿಯಾದಲ್ಲಿ ಈ ಪರೀಕ್ಷೆ 1984ರಲ್ಲೇ ಶುರುವಾಯಿತು. ನಮ್ಮ ದೇಶದಲ್ಲಿ ಹುಟ್ಟುವ ಎಲ್ಲ ಮಕ್ಕಳಿಗೂ ಇದು ಇನ್ನೂ ಸಿಗುತ್ತಿಲ್ಲ.

“ಹುಟ್ಟಿದಾಗಲೇ ಕಿವಿ ಪರೀಕ್ಷೆ ಮಾಡ್ತೀವಲ್ಲ” ಅನ್ನುವವರು ಕೇಳಿ: ಈ ಮಕ್ಕಳಿಗೆ ಹುಟ್ಟುವಾಗ ಸಾಮಾನ್ಯವಾಗಿ ಕಿವಿ ಕೇಳಿಸುತ್ತೆ. ಅವತ್ತು ಪಾಸ್, ಆಮೇಲೆ ಕಿವುಡು. “ಸೋದರಮಾವನನ್ನು ಯಾಕಮ್ಮ ಕಟ್ಟಿಕೊಂಡೆ” ಅಂತ ತಾಯಿಯನ್ನು ಗದರುವವರೂ ಕೇಳಿ: ರಕ್ತಸಂಬಂಧದ ಮದುವೆಯಲ್ಲಿ ಅಪಾಯ ಹೆಚ್ಚು, ನಿಜ. ಹಾಗಿದ್ದರೆ ಅಂಥ ಮದುವೆ ರೂಢಿಯಲ್ಲಿರುವ ಕರ್ನಾಟಕದಂಥ ಕಡೆಯೇ ಪರೀಕ್ಷೆ ಎಲ್ಲರಿಗಿಂತ ಮೊದಲು ಬರಬೇಕಿತ್ತಲ್ವಾ? ಬೈಗುಳ ಪುಕ್ಕಟೆ, ಅದಕ್ಕೇ ಧಾರಾಳ.

ಕಿವುಡಾದ ಮಗುವಿನ ಕಾಕ್ಲಿಯರ್ ಇಂಪ್ಲಾಂಟಿಗೆ ಸರ್ಕಾರ ಲಕ್ಷಗಟ್ಟಲೆ ಖರ್ಚು ಮಾಡುತ್ತೆ. ಮಾಡಲಿ, ಮಾಡಲೇಬೇಕು. ಆದರೆ ಕಿವಿ ಹೋದಮೇಲೆ ಸಿಗುವ ದುಡ್ಡು ಅದನ್ನು ಉಳಿಸುವಾಗ ಯಾಕೆ ಸಿಗಲ್ಲ? “ಅಪರೂಪದ ಕಾಯಿಲೆ” ಅನ್ನುವ ಸಬೂಬು ಸಾಕು. ತಾಯಿ-ಮಗು ಮನೆಗೆ ಹೋಗುವ ಮುಂಚೆ, ಪ್ರತಿ ಸರ್ಕಾರಿ ಹೆರಿಗೆ ವಾರ್ಡಿನಲ್ಲೂ, ಆ ಒಂದು ಹನಿ ತೆಗೆಯಿರಿ.