ಶತ್ರುನಗರದ ಪ್ರವಾದಿ

ಯೋನನ ಹೆಸರೆತ್ತಿದೊಡನೆ ಕೇಳಿದವರ ಕಣ್ಣಮುಂದೆ ನಿಲ್ಲುವುದು ತಿಮಿಂಗಿಲ. ಮಕ್ಕಳ ಚಿತ್ರಪುಸ್ತಕಗಳು ಮಾಡಿರುವ ಉಪಕಾರವಿದು. ಹೀಬ್ರೂ ಮೂಲದಲ್ಲಿರುವುದಾದರೋ ಬರಿಯ ‘ದೊಡ್ಡ ಮೀನು’. ಪ್ರವಾದಿಯನ್ನು ಮೂರು ದಿನಗಳಲ್ಲಿ ಹೊರಕ್ಕೆ ಬಿಟ್ಟ ಆ ಮೀನು ಅವನ ಕಥೆಯ ತಿರುಳನ್ನು ಮಾತ್ರ ಇನ್ನೂ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿದೆ!

ನಿನೆವೆ ಅಸ್ಸೀರಿಯರ ನಗರ. ಇಸ್ರೇಲಿನ ಜನಕ್ಕೆ ಅಸ್ಸೀರಿಯರೆಂದರೆ ಸಿಂಹಸ್ವಪ್ನ, ಕ್ರಿ. ಪೂ. ೭೨೨ರ ಸುಮಾರಿಗೆ ಉತ್ತರದ ಇಸ್ರೇಲ್ ರಾಜ್ಯವನ್ನು ಅಳಿಸಿಹಾಕಿದವರು ಅವರೇ. ಅಂಥವರ ಊರಿಗೆ ಹೋಗಿ ಅವರ ಪಾಪವನ್ನು ಸಾರೆಂದು ದೇವರ ಅಪ್ಪಣೆಯಾಗಲು, ಯೋನನು ಪೂರ್ವದ ಹಾದಿಯನ್ನು ಬಿಟ್ಟು ಪಶ್ಚಿಮಕ್ಕೆ ಹೊರಟಿದ್ದ ಹಡಗನ್ನೇರಿದನು. ಬಿರುಗಾಳಿ, ಮೀನು ಎಲ್ಲವೂ ಆಮೇಲಿನವು. ಕಡೆಗೆ ನಿನೆವೆಯನ್ನು ಸೇರಿ, ನಲವತ್ತು ದಿನಗಳಲ್ಲಿ ಊರು ಹಾಳಾಗುವುದೆಂದು ಸಾರಿದನು. ಊರಿಗೆ ಊರೇ ಗೋಣಿತಟ್ಟುಟ್ಟು ಉಪವಾಸ ಕುಳಿತಿತು. ದನಕರುಗಳಿಗೂ ಮೇವಿಲ್ಲ, ನೀರಿಲ್ಲ. ದೇವರು ಕರಗಿದನು, ನಗರ ಉಳಿಯಿತು. ಹಿಗ್ಗಬೇಕಾಗಿದ್ದ ಪ್ರವಾದಿಗೆ ಬಂದದ್ದು ಸಿಟ್ಟು. ಶತ್ರುವಿಗೂ ಕ್ಷಮೆಯೇ? ತನಗೆ ನೆರಳು ಕೊಟ್ಟಿದ್ದ ಗಿಡವೊಂದು ಒಣಗಿದ್ದಕ್ಕೆ ಮರುಗಿ ಕುಳಿತ ಅವನನ್ನು, ಲಕ್ಷಕ್ಕೂ ಮಿಕ್ಕ ಮಕ್ಕಳಂಥ ಜನರಿರುವ ಊರಿಗಾಗಿ ನಾನು ಮರುಗಬಾರದೇ ಎಂದು ದೇವರು ಕೇಳುತ್ತಾನೆ. ಪುಸ್ತಕ ಆ ಪ್ರಶ್ನೆಯಲ್ಲಿಯೇ ಮುಗಿಯುತ್ತದೆ. ಯೋನ ಏನೆಂದನೋ, ಬರೆದವನು ಹೇಳಲಿಲ್ಲ. ನಾಲ್ಕೇ ಅಧ್ಯಾಯಗಳ ಕಥೆಗೆ ಇದಕ್ಕಿಂತ ಚೆಲುವಾದ ಮುಕ್ತಾಯವನ್ನು ನಾನು ಕಾಣೆ.

ಇತಿಹಾಸಕಾರನ ಕೈಗೆ ಸಿಕ್ಕುವುದು ಬಹು ಸ್ವಲ್ಪ. ಬೈಬಲಿನ ಅರಸುಗಳ ಗ್ರಂಥದಲ್ಲಿ ಒಂದೇ ಒಂದು ವಾಕ್ಯ: ಗತ್‌ಹೇಫೆರ್ ಎಂಬ ಊರಿನ, ಅಮಿತ್ತೈಯ ಮಗ ಯೋನನು, ಕ್ರಿ. ಪೂ. ೮ನೆಯ ಶತಮಾನದ ಎರಡನೆಯ ಯಾರೊಬ್ಬಾಮನ ಕಾಲದಲ್ಲಿ ರಾಜ್ಯದ ಎಲ್ಲೆ ವಿಸ್ತಾರವಾಗುವುದೆಂದು ನುಡಿದಿದ್ದನಂತೆ. ಸ್ವದೇಶದ ಏಳಿಗೆಯನ್ನು ಸಾರಿದ ಈತನನ್ನೇ ಶತ್ರುನಗರಕ್ಕೆ ಅಟ್ಟಿದ ಕಥೆಗಾರನ ಜಾಣ್ಮೆಯನ್ನು ನೋಡಿ! ಯೋನನ ಪುಸ್ತಕ ಅವನ ಕಾಲಕ್ಕೆ ಶತಮಾನಗಳಷ್ಟು ಈಚಿನದೆಂದು ಹೆಚ್ಚಿನ ವಿದ್ವಾಂಸರ ಮತ. ನಿನೆವೆ ರಾಜಧಾನಿಯಾದದ್ದೇ ಅವನ ತರುವಾಯ, ಸೆನ್ನಾಚೆರಿಬನ ಆಳ್ವಿಕೆಯಲ್ಲಿ (ಕ್ರಿ. ಪೂ. ೭೦೫–೬೮೧). ಇಡೀ ನಗರ ಪಶ್ಚಾತ್ತಾಪಪಟ್ಟ ಸುದ್ದಿ ಅಸ್ಸೀರಿಯರ ಶಾಸನಗಳಲ್ಲಿಲ್ಲ. ಕ್ರಿ. ಪೂ. ೬೧೨ರಲ್ಲಿ ಬಾಬಿಲೋನಿನವರೂ ಮೀಡರೂ ಕೂಡಿ ನಿನೆವೆಯನ್ನು ಸುಟ್ಟರು.

ಆದರೂ ಜನ ಅವನನ್ನು ಬಿಡಲಿಲ್ಲ. ಯೆಹೂದ್ಯರು ಪ್ರಾಯಶ್ಚಿತ್ತದ ಮಹಾದಿನವಾದ ಯೋಮ್ ಕಿಪ್ಪುರಿನ ಅಪರಾಹ್ಣದಲ್ಲಿ ಅವನ ಪುಸ್ತಕವನ್ನು ಇಡಿಯಾಗಿ ಓದುತ್ತಾರೆ. ಕುರಾನಿನ ೧೦ನೆಯ ಅಧ್ಯಾಯಕ್ಕೆ ಅವನದೇ ಹೆಸರು, ಯೂನುಸ್. ಸಿರಿಯಾಕ್ ಸಂಪ್ರದಾಯದ ಕ್ರೈಸ್ತರು ನಿನೆವೆಯವರ ನೆನಪಿಗಾಗಿ ಮೂರು ದಿನ ಉಪವಾಸವಿರುತ್ತಾರೆ. ನಮ್ಮ ನೆರೆಯ ಕೇರಳದ ಕುರವಿಲಂಗಾಡಿನಲ್ಲಿ ಆ ದಿನಗಳಲ್ಲಿ ಹಡಗಿನ ಮಾದರಿಯೊಂದನ್ನು ಹೆಗಲ ಮೇಲೆ ಹೊತ್ತು, ಬಿರುಗಾಳಿಗೆ ಸಿಕ್ಕಂತೆ ತೂಗಾಡಿಸುತ್ತ ಮೆರವಣಿಗೆ ಮಾಡುತ್ತಾರೆ.

ಅವನ ಸಮಾಧಿಯೆಂದು ತೋರಿಸುವ ಸ್ಥಳಗಳು ಹಲವು. ಅವುಗಳಲ್ಲಿ ಹೆಸರಾದುದು ಇದ್ದದ್ದು ಹಳೆಯ ನಿನೆವೆಯ ನೆಲದಲ್ಲಿಯೇ, ಇರಾಕಿನ ಮೋಸುಲ್ ಪಟ್ಟಣದ ದಿಬ್ಬವೊಂದರ ಮೇಲೆ. ಮೊದಲು ಅಲ್ಲಿ ಕ್ರೈಸ್ತರ ಮಠವಿತ್ತು, ಆಮೇಲೆ ಮಸೀದಿಯಾಯಿತು. ಯೆಹೂದ್ಯರ ಪ್ರವಾದಿಯನ್ನು ಶತ್ರುವಿನ ಊರು ತನ್ನವನೆಂದೇ ಶತಮಾನಗಳ ಕಾಲ ಆದರಿಸಿತು. ೨೦೧೪ರ ಜುಲೈ ೨೪ರಂದು ‘ಇಸ್ಲಾಮಿಕ್ ಸ್ಟೇಟ್’ ಉಗ್ರರು ಸಿಡಿಮದ್ದಿಟ್ಟು ಅದನ್ನು ಕೆಡಹಿದರು. ಗೋರಿಗಳನ್ನು ಗೌರವಿಸುವುದು ಧರ್ಮಬಾಹಿರವೆಂಬುದು ಅವರ ವಾದ. ಹಾಗೆಂದವರೇ ಹಳೆಯ ವಸ್ತುಗಳ ಆಸೆಗೆ ದಿಬ್ಬದೊಳಕ್ಕೆ ಸುರಂಗಗಳನ್ನೂ ಕೊರೆದರು. ೨೦೧೭ರಲ್ಲಿ ಪಟ್ಟಣದ ಆ ಭಾಗ ಬಿಡುಗಡೆಯಾದ ಮೇಲೆ ಪುರಾತತ್ತ್ವಜ್ಞರು ಆ ಸುರಂಗಗಳನ್ನು ಹೊಕ್ಕು ನೋಡಲು, ಸೆನ್ನಾಚೆರಿಬನ ಮಗನಾದ ಎಸರ್‌ಹದ್ದೋನನ ಶಾಸನವೂ ಅಸ್ಸೀರಿಯರ ಅರಮನೆಯ ಗೋಡೆಗಳೂ ಕಂಡುವು. ಯಾರಿಗೆ ಕ್ಷಮೆ ದೊರೆತುದಕ್ಕೆ ಯೋನನು ಮುನಿಸಿಕೊಂಡು ಊರ ಹೊರಗೆ ಕುಳಿತನೋ, ಅವರ ಅರಮನೆಯ ನೆತ್ತಿಯ ಮೇಲೆಯೇ ಜನ ಅಷ್ಟು ಕಾಲವೂ ಅವನಿಗೆ ದೀಪ ಹಚ್ಚಿದ್ದರು.