ಸಾಲು ರಜೆಗೊಂದು ವಿದ್ಯಾಯಾತ್ರೆ

ಹೊಸ ಪಂಚಾಂಗ ಕೈಗೆ ಬಂದೊಡನೆ ನಮ್ಮ ಮನೆಗಳಲ್ಲಿ ಮೊದಲು ನೋಡುವುದು ಹಬ್ಬ ಹುಣ್ಣಿಮೆಗಳನ್ನು. ಅನಂತರ ನೋಡುವುದು, ಆ ಹಬ್ಬಗಳು ಭಾನುವಾರದ ಹಿಂದೆ ಮುಂದೆ ಬಿದ್ದು ಮೂರು ದಿನಗಳ ಸಾಲು ರಜೆ ದೊರೆಯುವುದೇ ಎಂಬುದನ್ನು. ದೊರೆತರೆ ವಾಹನ ಗೊತ್ತುಮಾಡಿ, ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಊಟಿಗೋ ಮೈಸೂರಿಗೋ ಮಾದಪ್ಪನ ಬೆಟ್ಟಕ್ಕೋ ಹೊರಡುವುದು ರೂಢಿ. ಇದರಲ್ಲಿ ತಪ್ಪೇನೂ ಇಲ್ಲ. ದುಡಿದ ದೇಹಕ್ಕೆ ವಿಶ್ರಾಂತಿ ಬೇಕು, ಬೆಳೆಯುವ ಮಕ್ಕಳಿಗೆ ಲೋಕದರ್ಶನ ಬೇಕು. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಭಾಗದ ನಮ್ಮ ಬಂಧುಗಳಿಗೆ ಈ ಸಲ ಬೇರೊಂದು ದಾರಿಯನ್ನು ಸೂಚಿಸಬಯಸುತ್ತೇವೆ. ಅದು ಚಾಮರಾಜನಗರದ ದಾರಿ. ಅಲ್ಲಿಯ ಸುವರ್ಣಗಂಗೋತ್ರಿಯ ದಾರಿ.

"ಅಲ್ಲಿ ನೋಡುವುದಾದರೂ ಏನಿದೆ? ಕಚೇರಿಯ ಕೆಲಸಕ್ಕೆ ಹೋಗಿಬರುವ ಊರು" ಎನ್ನುವವರುಂಟು. ನಮ್ಮ ಉತ್ತರವಿಷ್ಟೆ: ಅಲ್ಲೊಂದು ಉನ್ನತ ವಿದ್ಯೆಯ ಕೇಂದ್ರವಿದೆ, ನಮ್ಮ ಅನೇಕ ಹೆಣ್ಣುಮಕ್ಕಳು ಅದನ್ನು ಕಣ್ಣಿನಿಂದಲೂ ಕಂಡಿಲ್ಲ. ಪದವಿ ಮುಗಿಸಿದ ಮಗಳು ಮುಂದೆ ಓದುತ್ತೇನೆಂದಾಗ ಎಷ್ಟೋ ತಂದೆತಾಯಿಗಳು "ಬೇಡ" ಎನ್ನುವುದು ವಿದ್ಯೆಯ ಮೇಲಿನ ತಿರಸ್ಕಾರದಿಂದಲ್ಲ, ದೂರದ ಭಯದಿಂದ. ಕಾಣದ ಊರು, ಕಾಣದ ಹಾಸ್ಟೆಲು, ಕತ್ತಲಾದ ಮೇಲಿನ ಬಸ್ಸು, ಇವು ಮನಸ್ಸಿನಲ್ಲಿ ಹಿರಿದಾಗಿ ಬೆಳೆಯುತ್ತವೆ. ಕಣ್ಣಾರೆ ಕಂಡ ಮೇಲೆ ಆ ಭಯಗಳಲ್ಲಿ ಕೆಲವು ಕರಗುತ್ತವೆ. ಉಳಿದವುಗಳಿಗೆ ಪರಿಹಾರವನ್ನಾದರೂ ಹುಡುಕಬಹುದು.

ದೂರ ಎಂಬುದು ನಮ್ಮ ಸೀಮೆಗೆ ಹಳೆಯ ಶತ್ರು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ, ಹನೂರು ಭಾಗಗಳು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು, ಯಳಂದೂರು ಮೈಸೂರಿನದಾಗಿತ್ತು. ಒಂದೇ ದಾರಿಯ ಮೇಲಿನ ನೆರೆಯೂರುಗಳ ನಡುವೆ ರಾಜ್ಯದ ಗಡಿಯಿತ್ತು. ಏಕೀಕರಣದ ಬಳಿಕ ಜಿಲ್ಲಾಕೇಂದ್ರವೂ ವಿಶ್ವವಿದ್ಯಾನಿಲಯವೂ ಮೈಸೂರೇ ಆದವು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಾ. ಬಿ. ಆರ್. ಅಂಬೇಡ್ಕರ್ ಸ್ನಾತಕೋತ್ತರ ಕೇಂದ್ರ ತಲೆಯೆತ್ತಿತು. 2023ರಲ್ಲಿ ಅದೇ ಚಾಮರಾಜನಗರ ವಿಶ್ವವಿದ್ಯಾನಿಲಯವಾಯಿತು. ಎರಡು ತಲೆಮಾರಿನ ಹಿಂದೆ ಊರು ಬಿಟ್ಟು ದೂರ ಹೋದವರಿಗೆ ಮಾತ್ರ ದಕ್ಕುತ್ತಿದ್ದ ವಿದ್ಯೆ ಈಗ ಹನೂರಿನಿಂದ ಸುಮಾರು 65 ಕಿಲೋಮೀಟರಿನಲ್ಲಿದೆ.

ಈಚೆಗೆ ನಾವು ಹನೂರು ಕಡೆಯ ಎರಡು ಮನೆಯವರೊಡಗೂಡಿ ಈ ದಾರಿಯಲ್ಲಿ ಹೋಗಿಬಂದೆವು. ಶುಕ್ರವಾರ ಹಬ್ಬದ ರಜೆಯಿದ್ದ ವಾರವನ್ನು ಆರಿಸಿಕೊಂಡಿದ್ದೆವು. ಮೊದಲ ದಿನ ಕೊಳ್ಳೇಗಾಲ ದಾಟಿ, ಮಾಂಬಳ್ಳಿಯ ಮಾರ್ಗವಾಗಿ ಯಳಂದೂರಿನಲ್ಲಿ ಇಳಿದೆವು. ಗೌರೀಶ್ವರ ದೇವಾಲಯದ ಮುಂದಿನ ಬಳೆಮಂಟಪವನ್ನು ಮಕ್ಕಳಿಗೆ ತೋರಿಸಲೇಬೇಕು. ಕಲ್ಲಿನಲ್ಲಿ ಕಡೆದ ಬಳೆಗಳು ಸರಪಳಿಯಂತೆ ಒಂದರೊಳಗೊಂದು ತೂಗುವುದನ್ನು ಕಂಡು, ಅದುವರೆಗೆ ವಾಹನದಲ್ಲಿ ಕಾದಾಡುತ್ತಿದ್ದ ಹುಡುಗರು ತಲೆಯೆತ್ತಿ ಸುಮ್ಮನೆ ನಿಂತರು.

ಯಳಂದೂರು ಅಕ್ಷರದ ಊರು ಎಂಬುದನ್ನು ಮಕ್ಕಳಿಗೆ ಹೇಳಿದೆವು. 'ರಾಜಶೇಖರ ವಿಳಾಸ'ವನ್ನೂ, ಬಸವಣ್ಣನವರ ಚರಿತೆಯಾದ 'ವೃಷಭೇಂದ್ರ ವಿಜಯ'ವನ್ನೂ ರಚಿಸಿದ 17ನೆಯ ಶತಮಾನದ ಮಹಾಕವಿ ಷಡಕ್ಷರದೇವರ ಹೆಸರು ಈ ಊರಿನೊಂದಿಗೆ ಬೆಸೆದುಕೊಂಡಿದೆ. ಅದೇ ಶತಮಾನದಲ್ಲಿ ಇದೇ ಊರಿನ ಹೆಣ್ಣುಮಗಳೊಬ್ಬಳು ಚಿಕ್ಕದೇವರಾಜ ಒಡೆಯರ ಅರಮನೆಗೆ ಎಲೆಯಡಕೆಯ ಸಂಚಿ ಹಿಡಿಯುವ ಊಳಿಗಕ್ಕೆ ಹೋದಳು. ಆಕೆಯೇ 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ಬರೆದ ಸಂಚಿಯ ಹೊನ್ನಮ್ಮ. ಊಳಿಗದ ಹುಡುಗಿ ಕವಯಿತ್ರಿಯಾದುದು ಹೇಗೆ? ಆಕೆಯಲ್ಲಿ ಪ್ರತಿಭೆಯಿತ್ತು, ನಿಜ. ಆದರೆ ವಿದ್ಯೆಯಿದ್ದ ಸ್ಥಳಕ್ಕೆ ಆಕೆ ತಲುಪಿದಳು, ಅಲ್ಲಿ ಕಲಿಸುವ ಗುರುಗಳು ದೊರೆತರು. ಅರಮನೆಯ ಬಾಗಿಲಿಗೆ ಹೋಗದ ಎಷ್ಟು ಮಂದಿ ಹೊನ್ನಮ್ಮಂದಿರು ಯಳಂದೂರಿನ ಓಣಿಗಳಲ್ಲಿಯೇ ಉಳಿದುಹೋದರೋ ಬಲ್ಲವರಾರು?

ಅಲ್ಲಿಂದ ಸಂತೇಮರಹಳ್ಳಿಯ ಮೂಲಕ ಸಂಜೆಗೆ ಚಾಮರಾಜನಗರ ಸೇರಿ, ಬಂಧುಗಳ ಮನೆಯಲ್ಲಿ ತಂಗಿದೆವು. ಮರುದಿನ ಶನಿವಾರ ಸುವರ್ಣಗಂಗೋತ್ರಿಗೆ ಹೋದೆವು. ಇಲ್ಲೊಂದು ಸೂಚನೆ: ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು ಸರ್ಕಾರಿ ಕಚೇರಿಗಳಿಗೆ ರಜೆ. ಆ ದಿನ ಹೋದರೆ ಕಟ್ಟಡಗಳನ್ನಷ್ಟೇ ಕಂಡು ಮರಳಬೇಕಾದೀತು. ಮೂರು ದಿನಗಳಲ್ಲಿ ಒಂದಾದರೂ ಕೆಲಸದ ದಿನವಾಗಿರುವಂತೆ ನೋಡಿಕೊಂಡು, ಮೊದಲೇ ದೂರವಾಣಿಯಲ್ಲಿ ವಿಚಾರಿಸಿ ಹೊರಡುವುದು ಲೇಸು.

ಹೋದ ಮೇಲೆ ಕೇಳಬೇಕಾದ ಪ್ರಶ್ನೆಗಳನ್ನು ಮನೆಯಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಮಗಳು ಬಯಸುವ ವಿಷಯ ಅಲ್ಲಿದೆಯೇ? ಅದಕ್ಕೆ ಕಾಯಂ ಅಧ್ಯಾಪಕರು ಎಷ್ಟು ಮಂದಿ? ಗ್ರಂಥಾಲಯ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯುವ ಬಗೆ ಹೇಗೆ? ವಿದ್ಯಾರ್ಥಿವೇತನಕ್ಕೆ ಯಾವ ಪತ್ರಗಳು ಬೇಕು? ನಮ್ಮೊಡನೆ ಬಂದಿದ್ದ ಅಜ್ಜಿ ಇವಾವುದನ್ನೂ ಕೇಳಲಿಲ್ಲ. ಎದುರಿಗೆ ಸಿಕ್ಕ ನೌಕರರೊಬ್ಬರನ್ನು ನಿಲ್ಲಿಸಿ, "ಸ್ವಾಮಿ, ಪಾಠ ಮುಗಿದ ಮೇಲೆ ಕೊಳ್ಳೇಗಾಲದ ಕಡೆಗೆ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಅವರು ಹೇಳಿದ ವೇಳೆಯನ್ನು ಮೊಮ್ಮಗಳು ಪುಸ್ತಕದಲ್ಲಿ ಬರೆದುಕೊಂಡಳು. ಬೆಳಗಿನಿಂದ ಮಾತಿಲ್ಲದಿದ್ದ ಆಕೆಯ ತಂದೆ ಆಗ, "ಕೊಳ್ಳೇಗಾಲದಿಂದಾಚೆಗೆ ನಾನೇ ಬಂದು ಕರೆದುಕೊಂಡು ಹೋದೇನು" ಎಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹೊರೆ ತಪ್ಪಿತು. ಬಾಕಿ ಉಳಿದದ್ದು ಮನೆಯವರ ಮನಸ್ಸು.

"ಹೊಸ ವಿಶ್ವವಿದ್ಯಾನಿಲಯಕ್ಕೆ ಹೆಸರೇನಿದೆ? ಓದಿದರೆ ಮೈಸೂರಿನಲ್ಲೇ ಓದಬೇಕು" ಎಂಬ ಮಾತೂ ಕೇಳಿಬರುತ್ತದೆ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಕೀರ್ತಿಗೆ ಹೊಸತನ್ನು ಸರಿದೂಗಿಸಲಾಗದು. ಅಲ್ಲಿಗೆ ಕಳುಹಿಸುವ ಶಕ್ತಿಯೂ ಮನಸ್ಸೂ ಉಳ್ಳವರು ಅವಶ್ಯವಾಗಿ ಕಳುಹಿಸಲಿ. ನಮ್ಮ ಮಾತು ಮೈಸೂರಿಗೂ ಹೋಗದೆ ಮನೆಯಲ್ಲಿಯೇ ಉಳಿಯುವ ಮಗಳನ್ನು ಕುರಿತದ್ದು. ಆಕೆಯ ಮುಂದಿರುವ ಆಯ್ಕೆ ಚಾಮರಾಜನಗರವೋ ಮೈಸೂರೋ ಎಂಬುದಲ್ಲ. ಚಾಮರಾಜನಗರವೋ ಅಡುಗೆಮನೆಯೋ ಎಂಬುದು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ರಾಜ್ಯದ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಸಲಹೆ ಮುಂದಿಟ್ಟಾಗ ಚಾಮರಾಜನಗರದ ಹೆಸರೂ ಅದರಲ್ಲಿತ್ತು. ಹಣದ ಕೊರತೆ ಅದಕ್ಕೆ ಹೇಳಿದ ಮುಖ್ಯ ಕಾರಣಗಳಲ್ಲೊಂದು. ಫಲಕದ ಮೇಲೆ ಯಾವ ಹೆಸರಿರಬೇಕೆಂಬುದನ್ನು ಸರ್ಕಾರ ನಿರ್ಧರಿಸಲಿ. ಆದರೆ ತರಗತಿಗಳು ನಡೆಯುತ್ತಲೇ ಇರಬೇಕಾದರೆ ಬೆಂಚುಗಳ ಮೇಲೆ ಮಕ್ಕಳಿರಬೇಕು. ನೀರು ಸೇದದ ಬಾವಿ ಬಹುಕಾಲ ಬಾವಿಯಾಗಿ ಉಳಿಯದು.

ನಮ್ಮ ಹಿರಿಯರು ದೂರವೆಂಬ ಶತ್ರುವನ್ನು ಹಿಂದೊಮ್ಮೆ ಗೆದ್ದಿದ್ದಾರೆ. 1940ರ ದಶಕದ ಆರಂಭದಲ್ಲಿ ಸುತ್ತೂರಿನ ಪರಮಪೂಜ್ಯ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಹಳ್ಳಿಯ ಹುಡುಗನಿಗೆ ಅನ್ನ, ವಸತಿ ದೊರೆತೊಡನೆ ಮೈಸೂರು ಹತ್ತಿರವಾಯಿತು. ಅಂದು ಗಂಡುಮಕ್ಕಳಿಗಾಗಿ ತುಂಬಿದ ಆ ಅಂತರವನ್ನು ಇಂದು ಹೆಣ್ಣುಮಕ್ಕಳಿಗಾಗಿ ತುಂಬುವುದು ಗೃಹಸ್ಥರಾದ ನಮ್ಮೆಲ್ಲರ ಹೊಣೆ. ಚಾಮರಾಜನಗರದಲ್ಲಿರುವ ಬಂಧುಗಳು ಪರೀಕ್ಷೆಯ ದಿನಗಳಲ್ಲಿ ಒಂದು ಮಗುವಿಗೆ ತಂಗಲು ಎಡೆಮಾಡಿಕೊಟ್ಟರೆ ಅದೂ ದಾಸೋಹವೇ.

ಮೂರನೆಯ ದಿನ ಚಾಮರಾಜೇಶ್ವರನ ದರ್ಶನ ಮಾಡಿ ಮರಳಬಹುದು. ಅರಿಕುಠಾರವೆಂಬ ಹೆಸರಿದ್ದ ಈ ಊರಿನಲ್ಲಿ 1774ರಲ್ಲಿ ಜನಿಸಿದ ತಮ್ಮ ತಂದೆ ಚಾಮರಾಜ ಒಡೆಯರ ನೆನಪಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಈಗಿನ ಹೆಸರಿಟ್ಟರು. 1826ರಲ್ಲಿ ಈ ದೇಗುಲವನ್ನು ಕಟ್ಟಿಸಿದರು. ತಂದೆಗಾಗಿ ಮಗನು ಮಾಡಿದ ಕಾರ್ಯವಿದು. ಮಗಳಿಗಾಗಿ ತಂದೆ ಮಾಡಬಹುದಾದ ಕಾರ್ಯ ಇದಕ್ಕಿಂತ ಬಹಳ ಸುಲಭವಾದುದು. ದೇಗುಲ ಕಟ್ಟಿಸಬೇಕಿಲ್ಲ, ಊರಿಗೆ ಹೆಸರಿಡಬೇಕಿಲ್ಲ. ಮುಂದಿನ ಪ್ರವೇಶದ ದಿನಗಳಿಗೆ ಮುನ್ನ, ಬರುವ ಸಾಲು ರಜೆಯಲ್ಲಿ ಒಮ್ಮೆ ಆಕೆಯನ್ನು ಕರೆದುಕೊಂಡು ಹೋಗಿ ಬಂದರೆ ಸಾಕು.