ರೌಟರಿಗೆ ಬೀಗ ಬೀಳುವ ಮುನ್ನ

ಮನೆಯ ವೈಫೈ ಪೆಟ್ಟಿಗೆ ಸತಾಯಿಸಿದ್ದಕ್ಕೆಲ್ಲ ಸಂಪಾದಕೀಯ ಬರೆಯಬೇಕೇ ಎಂದು ಓದುಗರು ಕೇಳಬಹುದು. ಬರೆಯಬೇಕಾದ ಹೊತ್ತು ಬಂದಿದೆ. ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತಿದೆ ಎಂದು ಇಣುಕಿ ನೋಡುವ, ಬೇಕಾದರೆ ಸರಿಪಡಿಸಿಕೊಳ್ಳುವ ಅವಕಾಶ ಸದ್ದಿಲ್ಲದೆ ಕೈತಪ್ಪುತ್ತಿದೆ. ಪೂರ್ತಿ ತಪ್ಪಿದ ಮೇಲೆ ಕೂಗಾಡಿ ಫಲವಿಲ್ಲ.

ತೀರ ಸಾಮಾನ್ಯ ಕೆಲಸವೊಂದನ್ನು ತೆಗೆದುಕೊಳ್ಳಿ. ನಡುಮನೆಗೆ ಹೊಸ ರೌಟರ್ ಬಂತು. ಹಳೆಯದನ್ನು ಹಿಂದಿನ ಕೋಣೆಯಲ್ಲಿಟ್ಟು, ಅದು ಹೊಸದರ ವೈಫೈ ಹಿಡಿದು ತನಗೆ ತಂತಿಯಲ್ಲಿ ಸಿಕ್ಕಿಸಿದ ಟಿವಿಗೆ, ಪ್ರಿಂಟರಿಗೆ ದಾಟಿಸಲಿ ಎಂಬ ಆಸೆ. ಇದಕ್ಕೆ ಕ್ಲೈಂಟ್ ಬ್ರಿಜ್ ಎನ್ನುತ್ತಾರೆ. ಗೋಡೆ ಕೊರೆಯುವ ಖರ್ಚು ಉಳಿಯುತ್ತದೆ. ಎಲ್ಲ ಸೆಟ್ಟಿಂಗ್ ಮುಗಿಸಿ ನೋಡಿದರೆ ಹಳೆಯ ರೌಟರಿಗೆ ಇಂಟರ್ನೆಟ್ ಸಿಗುತ್ತಿದೆ, ಅದರ ಬೆನ್ನಿಗಿರುವ ಟಿವಿಗೆ ಐಪಿ ವಿಳಾಸವೇ ಬಂದಿಲ್ಲ!

ತೊಡಕು ವೈಫೈಯ ಹುಟ್ಟಿನಲ್ಲೇ ಇದೆ. ಕ್ಲೈಂಟ್ ಕಳಿಸುವ ಸಾಮಾನ್ಯ ಫ್ರೇಮಿನಲ್ಲಿ ಮೂರೇ ವಿಳಾಸಕ್ಕೆ ಜಾಗ: ಮುಖ್ಯ ರೌಟರಿನದು, ಕ್ಲೈಂಟಿನದು, ತಲುಪಬೇಕಾದ ಸಾಧನದ್ದು. ಕ್ಲೈಂಟಿನ ಹಿಂದೆ ಇನ್ನೊಂದು ಯಂತ್ರ ಇದೆ ಎಂದು ಹೇಳಲು ನಾಲ್ಕನೆಯ ವಿಳಾಸ ಬೇಕು. ತನ್ನಲ್ಲಿ ನೋಂದಾಯಿಸದ ಮ್ಯಾಕ್ ವಿಳಾಸದಿಂದ (ಯಂತ್ರದ ಗುರುತಿನಿಂದ) ಬಂದದ್ದನ್ನು ಮುಖ್ಯ ರೌಟರ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. 2010ರಲ್ಲಿ ಬಂದ ಲಿನಕ್ಸ್ ಕರ್ನಲ್ 2.6.33 ಆವೃತ್ತಿ ಅದಕ್ಕೆಂದೇ ನಾಲ್ಕು ವಿಳಾಸದ ವಿಧಾನವನ್ನು ಕೊಟ್ಟಿತು. ಅದಿಲ್ಲದ ಕ್ಲೈಂಟನ್ನು ಬ್ರಿಜ್‌ಗೆ ಸೇರಿಸಲು ಹೋದರೆ ಆಗುವುದಿಲ್ಲ ಎಂದು ಕರ್ನಲ್ ಮುಖಕ್ಕೇ ಹೇಳುತ್ತದೆ. ಆದರೆ ಈ ವಿಧಾನ ಎರಡೂ ತುದಿಯಲ್ಲಿ ಇರಬೇಕು, ಬೇರೆ ಬೇರೆ ಕಂಪನಿಗಳ ಚಿಪ್‌ಗಳ ನಡುವೆ ಅದು ಹೊಂದಿಕೊಳ್ಳುತ್ತದೆಂಬ ಖಾತ್ರಿಯಿಲ್ಲ.

ಚಿಪ್ ಕಂಪನಿ ಬ್ರಾಡ್‌ಕಾಮ್‌ನ ಮುಚ್ಚಿದ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಈ ತೊಡಕನ್ನು ಇನ್ನೊಂದು ಉಪಾಯದಿಂದ ದಾಟುತ್ತಿತ್ತು. ಹಿಂದಿನ ಎಲ್ಲ ಸಾಧನಗಳ ಕಾಗದವನ್ನೂ ತನ್ನ ಕೇರಾಫ್ ವಿಳಾಸಕ್ಕೆ ತರಿಸಿಕೊಂಡು ಒಳಗೆ ಹಂಚುವ ಉಪಾಯ ಅದು. ರೌಟರಿಗೆಂದೇ ಇರುವ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇಂಥದೇ ಕೆಲಸಕ್ಕೆ ರಿಲೇಡಿ ಎಂಬ ಪುಟ್ಟ ಪ್ರೋಗ್ರಾಂ ಇದೆ, ಹಳೆಯ ಬಗೆಯ ಐಪಿ ವಿಳಾಸವಾದ ಐಪಿವಿ4ಕ್ಕೆ ಮಾತ್ರ. ಎರಡೂ ಕೆಲಸ ಮಾಡುತ್ತವೆ. ಕೆಟ್ಟಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಮುಕ್ತ ಡ್ರೈವರ್ ಇದ್ದರೆ ಜಾಲದ ಓಡಾಟ ತೋರಿಸುವ ಟಿಸಿಪಿಡಂಪ್ ಹಾಕಿ, ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯ ಉತ್ತರ ಎಲ್ಲಿ ಬಿದ್ದುಹೋಯಿತೆಂದು ನೋಡಬಹುದು, ಲಾಗ್ ಓದಬಹುದು, ಡ್ರೈವರಿನ ಸಾಲನ್ನೇ ತಿದ್ದಬಹುದು. ಮುಚ್ಚಿದ್ದಾದರೆ ಆರಿಸಿ ಹಚ್ಚಿ, ದೇವರನ್ನು ನೆನೆಯುವುದಷ್ಟೇ.

ಈ ಮುಕ್ತತೆ ಯಾರೂ ಕರೆದು ಕೊಟ್ಟದ್ದಲ್ಲ. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೌಟರಿನಲ್ಲಿ ಲಿನಕ್ಸ್ ಇದೆ ಎಂದು ಆಸಕ್ತರು ಪತ್ತೆ ಹಚ್ಚಿ, ಕೋಡ್ ಬಹಿರಂಗಪಡಿಸಬೇಕೆಂಬ ಜಿಪಿಎಲ್ ಪರವಾನಗಿಯ ಷರತ್ತು ನೆನಪಿಸಿ ಪಟ್ಟು ಹಿಡಿದಾಗ, 2003ರಲ್ಲಿ ಕಂಪನಿ ಅದರ ಸೋರ್ಸ್ ಕೋಡ್ ಬಿಡುಗಡೆ ಮಾಡಿತು. 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಆಗಲೂ ರೇಡಿಯೊದ ಡ್ರೈವರ್ ಮಾತ್ರ ಮುಚ್ಚಿದ ಗಂಟಾಗಿಯೇ ಉಳಿಯಿತು. ಆ ಒಂದು ಗಂಟಿಗಾಗಿ ಅಂಥ ರೌಟರುಗಳು ವರ್ಷಗಟ್ಟಲೆ ಹಳೆಯ 2.4 ಕರ್ನಲ್‌ಗೆ ಕಟ್ಟುಬಿದ್ದವು. 2008ರಲ್ಲಿ ಇನ್ನೊಂದು ಚಿಪ್ ಕಂಪನಿ ಅಥೆರೋಸ್‌ನ ಎಟಿಎಚ್9ಕೆ ಡ್ರೈವರ್ ಮುಕ್ತವಾಗಿ ಬಂತು, ಚಿಪ್‌ನೊಳಕ್ಕೆ ತುಂಬಬೇಕಾದ ಬೇರೆ ಫರ್ಮ್‌ವೇರ್ ಅದಕ್ಕೆ ಬೇಕಿರಲಿಲ್ಲ. ನಮ್ಮ ಮಟ್ಟಿಗೆ ಅದೇ ಸುವರ್ಣಕಾಲ. ಮುಂದಿನ ತಲೆಮಾರಿನ ಎಟಿಎಚ್10ಕೆ ಡ್ರೈವರೂ ಮುಕ್ತವೇ, ಆದರೆ ಮುಖ್ಯ ನಿರ್ಧಾರಗಳು ಚಿಪ್‌ನೊಳಗಿನ ಮುಚ್ಚಿದ ಫರ್ಮ್‌ವೇರ್‌ಗೆ ಸ್ಥಳಾಂತರಗೊಂಡವು. ಹೆಸರಿಗೆ ಮುಕ್ತ, ಬ್ರಿಜ್ ಮುರಿದಾಗ ತನಿಖೆ ಅರ್ಧದಾರಿಯಲ್ಲಿ ನಿಲ್ಲುತ್ತದೆ.

ಅವಕಾಶ ಕೈತಪ್ಪುತ್ತಿರುವುದಕ್ಕೆ ಇದು ಮೊದಲ ಮುನ್ಸೂಚನೆ. ಎರಡನೆಯದು ಕಾನೂನಿನಿಂದ ಬರುತ್ತಿದೆ.

2015ರಲ್ಲಿ ಅಮೆರಿಕದ ಸಂವಹನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ, 5 ಗಿಗಾಹರ್ಟ್ಸ್ ಸಾಧನಗಳಿಗೆ ಡಿಡಿ-ಡಬ್ಲ್ಯುಆರ್‌ಟಿಯಂಥ ಹೊರಗಿನ ತಂತ್ರಾಂಶ ಹಾಕದಂತೆ ಹೇಗೆ ತಡೆದಿದ್ದೀರಿ ಎಂದು ತಯಾರಕರನ್ನು ಕೇಳಿತು. ಗದ್ದಲವಾದ ಮೇಲೆ, ರೇಡಿಯೊ ಮಿತಿ ಮೀರದಿದ್ದರೆ ಸಾಕು ಎಂದು ತಿದ್ದಿಕೊಂಡಿತು. ಆದರೂ ರೌಟರ್ ಕಂಪನಿ ಟಿಪಿ-ಲಿಂಕ್ ಇಡೀ ಪೆಟ್ಟಿಗೆಗೇ ಬೀಗ ಹಾಕಿತು. 2016ರ ಆಗಸ್ಟ್‌ನಲ್ಲಿ ಪ್ರಸಾರಶಕ್ತಿಯ ಮಿತಿ ಮೀರಿದ ಪ್ರಕರಣದಲ್ಲಿ ಆ ಕಂಪನಿ 2 ಲಕ್ಷ ಡಾಲರ್ ತೆತ್ತಿತು. ಮುಕ್ತ ತಂತ್ರಾಂಶಕ್ಕೆ ದಾರಿ ಮಾಡಿಕೊಡುವತ್ತ ಕೆಲಸ ಮಾಡಲೂ ಒಪ್ಪಿತು. ನಿಯಮ ಕೇಳಿದ್ದು ರೇಡಿಯೊಗೆ ಬೇಲಿ, ಕಂಪನಿಗೆ ಸುಲಭವಾದದ್ದು ಇಡೀ ಪೆಟ್ಟಿಗೆಗೆ ಬೀಗ. ಸುಲಭದ ದಾರಿಯನ್ನೇ ಮತ್ತೆ ಮತ್ತೆ ಹಿಡಿಯುತ್ತಾರೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಯುರೋಪಿನ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಮುಖ್ಯ ಷರತ್ತುಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಸಾಮಾನ್ಯವಾಗಿ ಕನಿಷ್ಠ 5 ವರ್ಷ ಭದ್ರತಾ ಪರಿಷ್ಕರಣೆ ಕೊಡಬೇಕೆಂಬ ಅದರ ಬೇಡಿಕೆ ಸ್ವಾಗತಾರ್ಹವೇ. ನಮ್ಮಲ್ಲಿ ರೌಟರುಗಳ ಭದ್ರತಾ ಮಾನದಂಡ ಬರೆಯುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಸಹಿ ಪರೀಕ್ಷಿಸಿದ ತಂತ್ರಾಂಶವೇ ಸಾಧನದಲ್ಲಿ ಓಡಬೇಕೆಂಬ ಬೇಡಿಕೆ ಇಂಥ ಮಾನದಂಡಗಳಲ್ಲೆಲ್ಲ ಸಾಮಾನ್ಯ. ಯಾರ ಸಹಿ ಎಂಬುದೇ ಪ್ರಶ್ನೆ. ದುಡ್ಡು ಕೊಟ್ಟು ಕೊಂಡವರ ಸಹಿಗೆ ಅಲ್ಲಿ ಜಾಗ ಉಂಟೇ?

ಭದ್ರತೆಯ ಆತಂಕ ಸುಳ್ಳಲ್ಲ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ ಸುಮಾರು 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು. 2025ರ ಮೇ ತಿಂಗಳಲ್ಲಿ ಎಫ್‌ಬಿಐ ಮತ್ತೆ ಎಚ್ಚರಿಸಿತು: ಆಯುಷ್ಯ ಮುಗಿದ ರೌಟರುಗಳಿಗೆ ದುಷ್ಕರ್ಮಿಗಳು ನುಗ್ಗಿ, ಅವುಗಳ ಮರೆಯಲ್ಲಿ ನಿಂತು ವ್ಯವಹರಿಸುತ್ತಿದ್ದಾರೆ, ಬದಲಿಸಿ ಎಂದು. ಅದು ಕೊಟ್ಟ ಮಾದರಿಗಳ ಪಟ್ಟಿಯಲ್ಲಿ ಲಿಂಕ್‌ಸಿಸ್‌ನ ಹಳೆಯವೇ ಹೆಚ್ಚು. ಗಮನಿಸಬೇಕಾದ್ದು, ಅವು ದುರ್ಬಲವಾದದ್ದು ಕಂಪನಿ ಪರಿಷ್ಕರಣೆ ನಿಲ್ಲಿಸಿದ್ದರಿಂದ. ಹಿಂದಿನ ಕೋಣೆಯಲ್ಲಿ ಬ್ರಿಜ್ ಆಗಿ ಬಾಳುತ್ತಿರುವ ನಮ್ಮ ಹಳೆಯ ಪೆಟ್ಟಿಗೆಗಳ ಗತಿಯೂ ಅದೇ. ಬೀಗ ಹಾಕಿದ ಕಂಪನಿ ಕೈತೊಳೆದುಕೊಂಡ ದಿನ, ಅಂಥ ರೌಟರನ್ನು ರಿಪೇರಿ ಮಾಡಲು ಬೇರಾರಿಗೂ ದಾರಿ ಉಳಿಯುವುದಿಲ್ಲ, ನುಗ್ಗುವವರಿಗೆ ಮಾತ್ರ ಉಳಿಯುತ್ತದೆ.

ಆದ್ದರಿಂದ ಬೆಂಗಳೂರಿನ ಕೇಂದ್ರ ಮಾನದಂಡವನ್ನು ಮುಂದೆ ಪರಿಷ್ಕರಿಸುವಾಗ ಒಂದು ಷರತ್ತು ಸೇರಿಸಲಿ: ಪರಿಷ್ಕರಣೆ ನಿಲ್ಲಿಸುವ ಕಂಪನಿ ಅದೇ ದಿನ ಬೀಗದ ಕೀಲಿಯನ್ನು ಮಾಲೀಕರಿಗೆ ಕೊಡಬೇಕು. ರೇಡಿಯೊದ ಶಕ್ತಿಗೆ, ತರಂಗಾಂತರಕ್ಕೆ ಬೇಲಿ ಇರಲಿ, ಅದರ ಮೇಲಿನ ಲಿನಕ್ಸ್‌ಗೆ ಬೇಡ. ಆಗದ ಮಾತೇನಲ್ಲ. 2024ರ ಕೊನೆಯಲ್ಲಿ ಬಂದ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ರೌಟರ್, ಮೀಡಿಯಾಟೆಕ್ ಚಿಪ್ ಇಟ್ಟುಕೊಂಡೇ ಬೀಗವಿಲ್ಲದೆ ಮಾರಾಟವಾಗುತ್ತಿದೆ.

ಓದುಗರಿಗೆ ಒಂದು ಮಾತು. ರೌಟರ್ ಕೊಳ್ಳುವ ಮೊದಲು ಓಪನ್‌ಡಬ್ಲ್ಯುಆರ್‌ಟಿಯ ಸಾಧನಪಟ್ಟಿಯಲ್ಲಿ ಅದರ ಹೆಸರು ಹುಡುಕಿ, ತಳದ ಚೀಟಿಯಲ್ಲಿನ ಆವೃತ್ತಿ ಸಂಖ್ಯೆಯನ್ನೂ ಹೊಂದಿಸಿ ನೋಡಿ. ಮುಕ್ತ ತಂತ್ರಾಂಶಕ್ಕೆ ಹೆಸರಾಗಿದ್ದ ಡಬ್ಲ್ಯುಆರ್‌ಟಿ54ಜಿ 2005ರಲ್ಲಿ ಐದನೇ ಆವೃತ್ತಿಗೆ ಬಂದಾಗ ಒಳಗಿನ ಲಿನಕ್ಸ್ ಹೋಗಿ ವಿಎಕ್ಸ್‌ವರ್ಕ್ಸ್ ಎಂಬ ಮುಚ್ಚಿದ ವ್ಯವಸ್ಥೆ ಬಂದಿತ್ತು, ಫ್ಲಾಶ್ 4 ಎಂಬಿಯಿಂದ 2ಕ್ಕೆ ಇಳಿದಿತ್ತು. ಮಾದರಿಯ ಹೆಸರು ಮಾತ್ರ ಅದೇ ಇತ್ತು.